ಬಣ್ಣ ಹೋದ ಬಾವುಟ

ನಮ್ಮ ಕೆಲಸ ಮರಳು ತೆಗೆಯುವುದು. ಗಣಿಯಿಂದ ಬಂದರಿಗೆ ಕಬ್ಬಿಣದ ಅದಿರು ಹೊರುವ ರೈಲು ನಮ್ಮ ಮರಳುಗಾಡನ್ನು ಹಾದು ಹೋಗುತ್ತದೆ. ಗಾಳಿ ಅದರ ಹಳಿಯ ಮೇಲೆ ಮರಳು ತಂದು ಸುರಿಯುತ್ತದೆ, ನಾವು ಸಲಿಕೆಯಿಂದ ಎತ್ತಿ ಆಚೆ ಎಸೆಯುತ್ತೇವೆ. ಬೆಳಿಗ್ಗೆ ಎಸೆದದ್ದು ಸಂಜೆಯ ಹೊತ್ತಿಗೆ ಮತ್ತೆ ಅಲ್ಲೇ ಬಂದು ಕೂತಿರುತ್ತದೆ. ಇಪ್ಪತ್ತೆರಡು ವರ್ಷ ನಾನು ಇದೊಂದೇ ಕೆಲಸ ಮಾಡಿದ್ದೇನೆ. ಮದುವೆಯಾಗುವಾಗಲೂ ನನ್ನ ಕಿವಿಯಲ್ಲಿ ಮರಳಿತ್ತು. ನಾನು ಸತ್ತರೆ ಮಣ್ಣು ಹಾಕುವವರಿಗೆ ಹೆಚ್ಚು ಕೆಲಸವಿಲ್ಲ, ಅರ್ಧ ಆಗಲೇ ಒಳಗೆ ಹೋಗಿದೆ.

ನನ್ನ ಹೆಸರು ಯರ್ಬಾ. ಮುನ್ನೂರ ಹದಿನಾಲ್ಕನೇ ಕಿಲೋಮೀಟರಿನ ಕ್ಯಾಂಪಿನವನು. ಕ್ಯಾಂಪು ಅಂದರೆ ಹಳಿಯ ಅಡಿಗೆ ಹಾಸುವ ಹಳೇ ಕಬ್ಬಿಣದ ಸ್ಲೀಪರುಗಳನ್ನು ನೆಟ್ಟಗೆ ಹೂಳಿ, ಮೇಲೆ ತಗಡು ಹೊದಿಸಿದ ಗುಡಿಸಲುಗಳು. ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಮೊದಲು ನಾವು ಹದಿನೆಂಟು ಜನ ಇದ್ದೆವು. ಕಂಪನಿ ಹನ್ನೊಂದು ಜನರನ್ನು ಮನೆಗೆ ಕಳಿಸಿ ಏಳು ಜನರನ್ನು ಉಳಿಸಿಕೊಂಡಿತು. ಖರ್ಚು ಕಡಿತವಂತೆ. ಮರಳಿಗೆ ಮಾತ್ರ ಯಾರೂ ಕಡಿತ ಮಾಡಲಿಲ್ಲ.

ನೀರು ವಾರಕ್ಕೆರಡು ಸಲ ಬರುತ್ತದೆ. ಗಣಿಗೆ ಹಿಂದಿರುಗುವ ಖಾಲಿ ರೈಲಿನ ಬಾಲಕ್ಕೆ ಒಂದು ಟ್ಯಾಂಕು ಕಟ್ಟಿರುತ್ತಾರೆ. ಮನೆಗೆ ಎರಡು ಡ್ರಮ್ಮು. ಹೆಂಡತಿ ಮಕ್ಕಳು, ಆಡು, ಅನ್ನ, ಚಹಾ ಎಲ್ಲ ಅದರಲ್ಲೇ ಆಗಬೇಕು. ಆಗುವುದಿಲ್ಲ. ಅದಕ್ಕೇ ಹಳಿಯ ಪಕ್ಕ ಬದುಕುವವರೆಲ್ಲ ರೈಲು ಬಂದಾಗ ಬಟ್ಟೆ ಬೀಸುತ್ತೇವೆ. ನಾವೂ ಬೀಸುತ್ತೇವೆ, ಒಂಟೆ ಕಾಯುವವರೂ ಬೀಸುತ್ತಾರೆ, ಹೆಂಗಸರೂ ಸೆರಗು ಬೀಸುತ್ತಾರೆ. ಡ್ರೈವರುಗಳು ಎರಡು ಸಲ ಹಾರ್ನ್ ಹೊಡೆದು ಕಿಟಕಿಯಿಂದ ನೀರಿನ ಬಾಟಲಿ ಎಸೆಯುತ್ತಾರೆ. ಇದು ಯಾವ ರೂಲ್ಸ್ ಪುಸ್ತಕದಲ್ಲೂ ಇಲ್ಲ. ಆದರೆ ಎಸೆಯದೆ ಹೋದ ಡ್ರೈವರನ್ನು ನಾನು ಕಂಡಿಲ್ಲ.

ಮೆಸೂದ ನಮ್ಮ ಗ್ಯಾಂಗಿನಲ್ಲಿ ಹಳಿ ನೋಡುವವನು. ಅದಿರು ತುಂಬಿದ ಪ್ರತಿ ರೈಲಿಗೂ ಮುಂಚೆ ಎಂಟು ಕಿಲೋಮೀಟರ್ ನಡೆದು, ಹಳಿ ತೆರವಾಗಿದೆಯೇ ಎಂದು ನೋಡಬೇಕು. ಅಡ್ಡ ಏನಾದರೂ ಕಂಡರೆ ಕೆಂಪು ಬಾವುಟ ಬೀಸಿ ರೈಲು ನಿಲ್ಲಿಸಬೇಕು. ಅವನ ಬಾವುಟವನ್ನು ಕಂಪನಿ ಕೊಟ್ಟು ಆರು ವರ್ಷವಾಗಿತ್ತು. ಮೊದಲ ಬೇಸಿಗೆಗೆ ಅದು ಗುಲಾಬಿಯಾಯಿತು. ಎರಡನೆಯದಕ್ಕೆ ಬಿಸ್ಕತ್ತಿನ ಬಣ್ಣಕ್ಕೆ ಬಂತು. ಆಮೇಲೆ ಬಣ್ಣ ಅನ್ನುವಂಥದ್ದೇ ಉಳಿಯಲಿಲ್ಲ. ಹೊಸದು ತರಿಸಿ ಎಂದು ನಮ್ಮ ಮೇಸ್ತ್ರಿ ಸಿದಾತಿಗೆ ಹೇಳಿ ಹೇಳಿ ನಮ್ಮ ಬಾಯಿ ಸೋತುಹೋಯಿತು.

"ಮ್ಯಾಲ ತಿಳಿಸೀನೋ," ಎನ್ನುತ್ತಿದ್ದ ಸಿದಾತಿ. "ಕೈಯಾಗ ಬಟ್ಟಿ ಐತಿಲ್ಲೊ? ಬೀಸ್ರಿ. ಡ್ರೈವರಗೇನು ಕಣ್ಣಿಲ್ಲೇನು?"

ಸಿದಾತಿಯ ವಿಷಯ ಒಂದು ಮಾತು ಹೇಳಲೇಬೇಕು. ಅವನ ಅಜ್ಜನ ಮನೆಯಲ್ಲಿ ಮೆಸೂದನ ಅಜ್ಜಿ ಗುಲಾಮಳಾಗಿದ್ದಳು. ಆ ಮನೆಯ ಸೊಸೆಯ ಮದುವೆಯಲ್ಲಿ ಅವಳ ತವರಿನಿಂದ ನಾಲ್ಕು ಒಂಟೆಗಳ ಜೊತೆ ಬಳುವಳಿಯಾಗಿ ಬಂದ ಹೆಂಗಸು ಆಕೆ. ಈಗ ಕಾನೂನು ಬಂದಿದೆ, ಯಾರೂ ಯಾರ ಗುಲಾಮರೂ ಅಲ್ಲ. ಆದರೂ ಮೆಸೂದ ಸಿದಾತಿಯನ್ನು 'ಧಣಿ' ಎಂದೇ ಕರೆಯುತ್ತಾನೆ. ತನ್ನ ಡ್ರಮ್ಮಿನ ನೀರನ್ನು ಸಿದಾತಿಯ ಆಡುಗಳಿಗೆ ಹಾಕಿ ಬರುತ್ತಾನೆ. ನಾನೂ ಏನು ಕಮ್ಮಿಯಲ್ಲ. ನನ್ನ ಅಜ್ಜನೂ ಅಂಥದೇ ಇನ್ನೊಂದು ಮನೆಯ ಆಳು. ಸಿದಾತಿ ಕರೆದರೆ ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದು ನಿಲ್ಲುತ್ತವೆ.

ಆ ದಿನದ ಹೊತ್ತಿಗೆ ಗಾಳಿ ಬೀಸಲು ಹತ್ತಿ ಮೂರು ದಿನವಾಗಿತ್ತು. ಏಳು ಜನ ಹಂಚಿ ಹರಿದು ಹೋಗಿದ್ದೆವು. ಬೆಳಿಗ್ಗೆ ಎಂಟರ ಸುಮಾರಿಗೆ ಮೆಸೂದ ತಿರುವಿನ ಹತ್ತಿರ ಹೋದಾಗ ಹಳಿಯೇ ಕಾಣಲಿಲ್ಲ. ಮೊಳಕಾಲುದ್ದ ಮರಳು, ನಲವತ್ತು ಹೆಜ್ಜೆಯಷ್ಟು ಉದ್ದಕ್ಕೆ ಬಿದ್ದಿತ್ತು. ಕ್ಯಾಂಪಿಗಿದ್ದ ಒಂದೇ ಒಂದು ವಾಕಿಟಾಕಿ ಬ್ಯಾಟರಿ ಸತ್ತು ಸಿದಾತಿಯ ಗುಡಿಸಲಿನ ಮೊಳೆಗೆ ತೂಗುಬಿದ್ದಿತ್ತು. ಅಷ್ಟರಲ್ಲಿ ಆಚೆ ಹಳಿ ಗುಂಯ್‌ಗುಡಲು ಶುರುವಾಗಿತ್ತು. ಮೆಸೂದ ರೈಲು ಬರುವ ದಿಕ್ಕಿಗೆ ಓಡಿದ. ಎರಡು ಕಿಲೋಮೀಟರ್ ಓಡಿರಬೇಕು. ಎಂಜಿನ್ನು ಕಂಡದ್ದೇ ಎರಡೂ ಕೈಯಲ್ಲಿ ಬಾವುಟ ಹಿಡಿದು ಬೀಸಿದ. ಸಾಲದೆಂದು ತಲೆಯ ರುಮಾಲು ಬಿಚ್ಚಿ ಅದನ್ನೂ ಬೀಸಿದ. ಕೂಗಿದ. ಇನ್ನೂರು ವ್ಯಾಗನ್ನಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ?

ಎಂಜಿನ್ನಿನಲ್ಲಿ ಇಬ್ಬರಿದ್ದರು. ಡ್ರೈವರ್ ದೆಂಬಾ, ಅವನ ಜೊತೆಗಾರ ಹಾರೂನ. ಇಬ್ಬರೂ ದಕ್ಷಿಣದ ನದಿ ದಂಡೆಯ ಕಡೆಯವರು, ಹತ್ತು ವರ್ಷದಿಂದ ನಮ್ಮ ಪರಿಚಯದವರು. ಹಾರೂನನಿಗೆ ಐವತ್ತೇಳು, ಇನ್ನು ಮೂರು ವರ್ಷಕ್ಕೆ ರಿಟೈರ್ ಆಗುವವನು. ಅವರಿಬ್ಬರೂ ಮೆಸೂದನನ್ನು ಕಂಡರು. ದಿನಾ ಬಟ್ಟೆ ಬೀಸುವ ಮೆಸೂದ, ದಿನಾ ಬೀಸುವ ಅದೇ ಮಾಸಿದ ಬಟ್ಟೆ. ಇವತ್ತು ಬಾಯಾರಿಕೆ ಜೋರಾಗಿದೆ ಪಾಪ, ಎಂದುಕೊಂಡರು. ದೆಂಬಾ ಎರಡು ಸಲ ಹಾರ್ನ್ ಹೊಡೆದ. ಹಾರೂನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ನಗುತ್ತ, ಒಂದರ ಬದಲು ಎರಡು ಬಾಟಲಿ ಎಸೆದ. ರೈಲು ಹಾಗೇ ಮುಂದೆ ಹೋಯಿತು.

ಎಂಜಿನ್ನು ಮರಳಿಗೆ ನುಗ್ಗಿ, ಹಳಿ ಬಿಟ್ಟು, ಹಾರೂನನ ಕಿಟಕಿ ಇದ್ದ ಮಗ್ಗುಲಿಗೇ ಮಲಗಿತು. ಹಿಂದಿನ ಹನ್ನೊಂದು ವ್ಯಾಗನ್ ಒಂದರ ಮೇಲೊಂದು ಹತ್ತಿದವು. ಕ್ಯಾಂಪಿನಿಂದ ನಾನು ಓಡಿ ಬಂದು ಮುಟ್ಟುವ ಹೊತ್ತಿಗೆ ಕೆಂಪು ಧೂಳು ಇಳಿದಿತ್ತು, ಮೆಸೂದನೂ ವಾಪಸ್ ಓಡಿ ಬಂದಿದ್ದ. ದೆಂಬಾ ತಲೆ ಒಡೆದುಕೊಂಡು ಹೊರಗೆ ಕೂತಿದ್ದ. ಹಾರೂನನ ಸೊಂಟದಿಂದ ಕೆಳಗಿನದೆಲ್ಲ ಕಬ್ಬಿಣದ ಅಡಿಯಲ್ಲಿತ್ತು. ಮೆಸೂದ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನೇ ಎಸೆದಿದ್ದ ಬಾಟಲಿಯಿಂದ ಅವನ ಬಾಯಿಗೆ ನೀರು ಬಿಡುತ್ತಿದ್ದ.

"ಎರಡೂ ಸಿಕ್ಕುವೇನೊ, ತಮ್ಮಾ?" ಎಂದು ಕೇಳಿದ ಹಾರೂನ.

ಮಧ್ಯಾಹ್ನದ ನಮಾಜಿಗೆ ಮುಂಚೆ ಸತ್ತ. ಅವನ ಊರು ದೂರ, ಬಿಸಿಲು ಜೋರು. ಹಳಿಯಿಂದ ನೂರು ಹೆಜ್ಜೆ ಆಚೆ ಮಣ್ಣು ಮಾಡಿದೆವು. ಆ ಗುಂಡಿ ತೋಡುವಾಗ ಮೆಸೂದ ಯಾರಿಗೂ ಸಲಿಕೆ ಕೊಡಲಿಲ್ಲ, ಒಬ್ಬನೇ ತೋಡಿದ.

ಮೂರನೇ ದಿನ ಬಂದರಿನಿಂದ ಸಾಹೇಬ ಬಂದ. ಹಳಿಯ ಮೇಲೇ ಓಡುವ ಪುಟ್ಟ ಮೋಟಾರು ಗಾಡಿಯಲ್ಲಿ ಬಂದ. ಹೆಸರು ಶೈಖಾನಿ. ಬಿಳಿ ಅಂಗಿ, ಇಸ್ತ್ರಿ ಮಡಿಕೆ ಇನ್ನೂ ಹೋಗಿರಲಿಲ್ಲ. ಅಷ್ಟರೊಳಗೆ ಆಚೀಚೆಯ ಐದು ಕ್ಯಾಂಪಿನಿಂದ ನಲವತ್ತು ಜನ ಬಂದು ಮರಳು ತೆಗೆಯಲು ಹತ್ತಿದ್ದರು. ಕ್ರೇನು ಬಂದಿತ್ತು, ಅದರ ಹಿಂದೆ ನೀರಿನ ಟ್ಯಾಂಕೂ ಬಂದಿತ್ತು. ಅಪಘಾತವಾದರೆ ಎಷ್ಟು ಬೇಗ ನೀರು ಬರುತ್ತದೆ ನೋಡಿ.

ಸಾಹೇಬನಿಗೆ ಎರಡು ಡೇರೆ ಹಾಕಿದರು. ವಿಚಾರಣೆಯಂತೆ. ಒಂದರಲ್ಲಿ ಮೆಸೂದನನ್ನು ಕೂರಿಸಿದರು, ಇನ್ನೊಂದರಲ್ಲಿ ದೆಂಬಾನನ್ನು. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ.

"ಯರ್ಬಾ, ಚಹಾ ನೀ ಮಾಡು," ಎಂದ ಸಿದಾತಿ. "ಬಾಯಿ ಮಾತ್ರ ಬಿಗಿ ಇರಲಿ."

ನಾನು ಒಲೆ ಹೊತ್ತಿಸಿದೆ. ಸಿದಾತಿ ತನ್ನ ಅಂಗಿಯೊಳಗಿನಿಂದ ಏನೋ ಬಟ್ಟೆ ತೆಗೆದು ಇದ್ದಿಲ ಮೇಲೆ ಹಾಕಿದ. ಭಗ್ ಎಂದು ಹೊತ್ತಿತು. ಹೊಲಿಗೆ ಹಾಕಿದ ಅಂಚು ಮುದುಡಿಕೊಂಡಾಗಲೇ ನನಗೆ ಗೊತ್ತಾದದ್ದು, ಅದು ಮೆಸೂದನ ಬಾವುಟ. ಅಪಘಾತದ ದಿನವೇ ಸಿದಾತಿ ಅದನ್ನು ಅವನ ಕೈಯಿಂದ ಇಸಿದುಕೊಂಡಿದ್ದ. ನಾನು ಸಿದಾತಿಯ ಮುಖ ನೋಡಿದೆ. ಸಿದಾತಿ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಕೆಟಲಿಗೆ ನೀರು ಹಾಕಿದೆ. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ಮೊದಲ ಲೋಟ ಹಿಡಿದು ಮೆಸೂದನ ಡೇರೆಗೆ ಹೋದೆ. ಸಾಹೇಬ ಕುರ್ಚಿಯಲ್ಲಿ, ಮೆಸೂದ ನೆಲದಲ್ಲಿ. ಮಧ್ಯೆ ಚಾಪೆಯ ಮೇಲೆ ಒಂದು ಹೊಚ್ಚ ಹೊಸ ಕೆಂಪು ಬಾವುಟ. ಪ್ಲಾಸ್ಟಿಕ್ ಚೀಲ ಈಗಷ್ಟೇ ಹರಿದಿದ್ದರು.

"ನೋಡಪ್ಪ," ಎನ್ನುತ್ತಿದ್ದ ಸಾಹೇಬ, "ಈ ಬಾವುಟ ಹೋದ ವರ್ಷವೇ ನಿನಗೆ ಕೊಟ್ಟಿದ್ದಾರೆ ಅಂತ ಇಲ್ಲಿ ಬರೆದಿದೆ. ನೀನು ಹೆಬ್ಬೆಟ್ಟು ಒತ್ತು, ಮುಗೀತು."

"ಹೋದ ವರ್ಷ ಅಲ್ರಿ ಸಾಹೇಬ್ರ, ಇದನ್ನ ಈಗ ನೋಡಾಕತ್ತೀನಿ."

"ಈಗ ನೋಡ್ತಿದ್ದೀಯಲ್ಲ, ಸಾಕು. ಆವತ್ತು ಹಳಿ ನೋಡೋಕೆ ಹೋಗಿ ನಿದ್ದೆ ಮಾಡಿಬಿಟ್ಟೆ ಅಂತ ಒಪ್ಪಿಕೋ. ಕೆಲಸ ಹೋಗುತ್ತೆ, ಅಷ್ಟೇ. ಜೈಲು ತಪ್ಪಿಸೋದು ನನ್ನ ಜವಾಬ್ದಾರಿ."

"ನಾ ಮಲಗಿರಲಿಲ್ರಿ. ಓಡೀನಿ. ಬೀಸೀನಿ. ದೆಂಬಣ್ಣ ನನ್ನ ನೋಡಿ ಹಾರ್ನ್ ಹೊಡದಾನ."

"ದೆಂಬಾ ಏನು ಹೇಳ್ತಿದ್ದಾನೆ ಗೊತ್ತಾ? ನೀನು ಅಲ್ಲಿ ಇರಲೇ ಇಲ್ಲ ಅಂತಿದ್ದಾನೆ."

ಮೆಸೂದನ ಮುಖ ಇಳಿದುಹೋಯಿತು. ಬಾಗಿಲಲ್ಲಿ ನಿಂತಿದ್ದ ಸಿದಾತಿ ಒಳಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಮೆಸೂದಾ, ನಿಮ್ಮವ್ವ ನಮ್ಮನಿ ಹಾಲು ಕುಡದು ಬೆಳದಾಕಿ. ನಾ ನಿನಗ ಕೆಟ್ಟದ್ದು ಹೇಳ್ತೀನೇನು? ಒತ್ತು."

"ಒಂದೀಟು ವಿಚಾರ ಮಾಡ್ತೀನ್ರಿ ಧಣಿ," ಎಂದ ಮೆಸೂದ. ಅವನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಸಾಹೇಬ ಎದ್ದು ಎರಡನೇ ಡೇರೆಗೆ ಹೋದ. ನಾನೂ ತಟ್ಟೆ ಹಿಡಿದು ಹಿಂದೆ ಹೋದೆ. ಅಲ್ಲಿ ದೆಂಬಾ ತಲೆಗೆ ಪಟ್ಟಿ ಕಟ್ಟಿಕೊಂಡು ಹಾಸಿಗೆಯ ಮೇಲೆ ಕೂತಿದ್ದ. ಅವನಿಗೆ ಕುರ್ಚಿ ಇರಲಿಲ್ಲ, ಆದರೆ ದಿಂಬು ಕೊಟ್ಟಿದ್ದರು. ಡ್ರೈವರ್ ಅಲ್ಲವೇ.

"ನಿಮಗೆ ಯಾವ ಸಿಗ್ನಲ್ಲೂ ಕಾಣಲಿಲ್ಲ ಅಂತ ಸಹಿ ಹಾಕಿ ದೆಂಬಾ," ಎಂದ ಸಾಹೇಬ. "ಹಳಿ ನೋಡುವವನು ಜಾಗದಲ್ಲೇ ಇರಲಿಲ್ಲ. ನಿಮ್ಮ ತಪ್ಪಿಲ್ಲ. ಮುಂದಿನ ತಿಂಗಳಿಂದ ಮತ್ತೆ ಡ್ಯೂಟಿ."

"ಅವ ಇದ್ನಲ್ರಿ. ಬಟ್ಟಿ ಬೀಸಿದ್ನಲ್ಲ."

"ಬೀಸಿದ್ದ ಅಂತ ನೀವು ಹೇಳಿದರೆ, ನಿಲ್ಲು ಅಂದ ಸಿಗ್ನಲ್ಲನ್ನು ಕಂಡೂ ದಾಟಿದ ಹಾಗಾಯ್ತು. ಒಬ್ಬ ಸತ್ತಿದ್ದಾನೆ. ಎಷ್ಟು ವರ್ಷ ಜೈಲು ಅಂತ ನನಗಿಂತ ನಿಮಗೇ ಗೊತ್ತು. ಮೆಸೂದ್ ಏನು ಹೇಳಿದ್ದಾನೆ ಗೊತ್ತಾ? ದೆಂಬಾ ಕುಡಿದಿದ್ದ, ಬೇಕಂತಲೇ ನಿಲ್ಲಿಸಲಿಲ್ಲ ಅಂತ."

ದೆಂಬಾ ತಲೆ ಹಿಡಿದುಕೊಂಡ. ಜೀವಮಾನದಲ್ಲಿ ಚಹಾ ಬಿಟ್ಟು ಬೇರೇನೂ ಕುಡಿಯದ ಮನುಷ್ಯ ಅವನು.

ನಾನು ಖಾಲಿ ಲೋಟ ತೆಗೆದುಕೊಂಡು ಹೊರಗೆ ಬಂದೆ. ಎಷ್ಟು ಸಲೀಸಾದ ಆಟ! ಮೆಸೂದ ನಿಜ ಹೇಳಿದರೆ ದೆಂಬಾ ಜೈಲಿಗೆ. ದೆಂಬಾ ಸುಳ್ಳು ಹೇಳಿದರೆ ಮೆಸೂದ ಬೀದಿಗೆ. ಯಾರು ಏನು ಹೇಳಿದರೂ ಕಂಪನಿಯ ಅಂಗಿಗೆ ಒಂದು ಕಲೆಯೂ ತಾಗುವುದಿಲ್ಲ.

ಒಲೆಯ ಹತ್ತಿರ ಮೆಸೂದನ ಹೆಂಡತಿ ಜೈದಾ ಕೂತಿದ್ದಳು. ಪುದೀನಾ ಬಿಡಿಸುವ ನೆಪ ಅವಳಿಗೆ.

"ಏನಾತು ಕಾಕಾ, ಒಳಗ?"

"ಏನಿಲ್ಲವ್ವಾ. ದೊಡ್ಡವರ ಮಾತು."

"ದೊಡ್ಡವರ ಮಾತೋ, ನನ್ನ ಗಂಡನ ಕುತ್ತಿಗಿ ಮಾತೋ?"

ಜೈದಾ ಕೈಯಲ್ಲಿದ್ದ ಪುದೀನಾ ಕೆಳಗೆ ಹಾಕಿದಳು.

"ಮೂರು ದಿನಾತು, ಅವ ಒಂದು ತುತ್ತು ನುಂಗಿಲ್ಲ. ಹಾರೂನಣ್ಣನ ನಾನs ಕೊಂದೆ, ನಾನs ಕೊಂದೆ ಅಂತಾನ. ಅವ ಕೊಂದಾನೇನು ಕಾಕಾ? ನೀನೂ ಅಲ್ಲೇ ಇದ್ದಿ. ಆ ಬಟ್ಟಿ ಹೆಂಗಿತ್ತು ಅಂತ ನಿನಗ ಗೊತ್ತಿಲ್ಲೇನು? ನಾನs ಅದನ್ನ ನಾಕು ಸಲ ಒಗದೀನಿ. ಒಗದಾಗ ನೀರಿಗೂ ಬಣ್ಣ ಬರ್ತಿರಲಿಲ್ಲ."

"ಗೊತ್ತೈತವ್ವಾ. ಆದ್ರ ನಾವು ಹೇಳಿದ್ರ ಯಾರ ಕೇಳ್ತಾರ?"

"ಹೇಳದs ಕೇಳಂಗಿಲ್ಲ ಅಂತಿ? ಇಪ್ಪತ್ತೆರಡು ವರ್ಷ ಮರಳ ಎತ್ತಿ ಎತ್ತಿ ಬಾಯಾಗೂ ತುಂಬಿಕೊಂಡೀಯೇನು? ಉಗುಳು ಕಾಕಾ, ಒಮ್ಮೆರ ಉಗುಳು!"

ಹಾಗೆ ಮುಖದ ಮೇಲೆ ಹೊಡೆದ ಹಾಗೆ ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟು ಎರಡನೇ ಲೋಟ ಬಗ್ಗಿಸುವ ಹೊತ್ತಿಗೆ ನನ್ನ ಮೇಲೆ ತಿರುಗಿತ್ತು. ಲೋಟ ಹಿಡಿದು ನೆಟ್ಟಗೆ ದೆಂಬಾನ ಡೇರೆಗೆ ಹೋದೆ. ಸಾಹೇಬ ಅಲ್ಲೇ ಇದ್ದ. ಇರಲಿ ಎಂದುಕೊಂಡೆ.

"ದೆಂಬಣ್ಣ," ಎಂದೆ, "ನೀ ಕುಡದಿದ್ದಿ ಅಂತ ಮೆಸೂದ ಹೇಳಿಲ್ಲ. ನೀ ನೋಡೀದಿ, ಹಾರ್ನ್ ಹೊಡದೀದಿ ಅಂತ ಹೇಳ್ಯಾನ. ಅವ ಅಲ್ಲಿ ಇರಲಿಲ್ಲ ಅಂತ ನೀ ಹೇಳೀದಿ ಅಂತ ಅವಗ ಹೇಳ್ಯಾರ. ನಿಮ್ಮಿಬ್ಬರಿಗೂ ಹೇಳಿದ್ದು ಸುಳ್ಳು. ಎರಡೂ ಡೇರೇದಾಗ ಚಹಾ ಕೊಟ್ಟಾವ ನಾನs."

ಸಾಹೇಬ ಕುರ್ಚಿಯಿಂದ ಎದ್ದ. "ಯಾರಯ್ಯಾ ನೀನು? ಹೊರಗೆ ನಡಿ!"

ದೆಂಬಾ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಗೋಡೆಯಿಲ್ಲದ ಡೇರೆಯಲ್ಲಿ ಹಿಡಿಯಲು ಏನೂ ಸಿಗದೆ ನನ್ನ ಹೆಗಲನ್ನೇ ಹಿಡಿದು ಎದ್ದು ನಿಂತ. ಇಬ್ಬರೂ ಹೊರಗೆ ಬಂದೆವು. ಸಾಹೇಬ ಕೂಗುತ್ತ ಹಿಂದೆ ಬಂದ. ಮರಳು ತೆಗೆಯುತ್ತಿದ್ದ ನಲವತ್ತು ಜನ ತಲೆಯೆತ್ತಿ ನೋಡಿದರು. ಮೊದಲನೇ ಡೇರೆಯ ಬಾಗಿಲಲ್ಲಿ ದೆಂಬಾ ನಿಂತು ಒಳಗೆ ಬಗ್ಗಿ ಹೇಳಿದ:

"ಮೆಸೂದಾ, ಹೊರಗ ಬಾ. ಬಿಸಲಾಗ ಮಾತಾಡೂಣು."

ಮೆಸೂದ ಬಂದ. ಇಬ್ಬರೂ ಎದುರು ಬದುರು ನಿಂತರು. ಮೆಸೂದ ಮುಖವೆತ್ತಲಿಲ್ಲ.

"ನಾ ನಿನ್ನ ನೋಡೀನಿ," ಎಂದ ದೆಂಬಾ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ನೀರಿಗೆ ಬೀಸಾಕತ್ತಾನ ಅಂತ ತಿಳಕೊಂಡೆ. ಹಾರೂನಣ್ಣಾನೂ ಹಂಗs ತಿಳಕೊಂಡ. ಇವತ್ತ ಎರಡ ಒಗಿತೀನಿ, ಭಾಳ ಬಾಯಾರೇತಿ ಅವಗ ಅಂದ. ಆ ಬಟ್ಟಿ ಕೆಂಪಿದ್ದಿದ್ರ ನಾ ಬ್ರೇಕ್ ಹಾಕದs ಬಿಡ್ತಿದ್ದೆನೇನೊ?"

ದೆಂಬಾ ಅವನನ್ನು ತಬ್ಬಿಕೊಂಡ. ಮೂರು ದಿನದಿಂದ ಅಳದ ಮನುಷ್ಯ ಅಲ್ಲಿ, ಎಲ್ಲರ ಎದುರು, ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ.

"ಚೆನ್ನಾಗಿದೆ," ಎಂದ ಸಾಹೇಬ. "ಸಿಗ್ನಲ್ ಕಂಡೂ ದಾಟಿದೆ ಅಂತ ಡ್ರೈವರ್ ಎಲ್ಲರ ಮುಂದೆ ಒಪ್ಪಿಕೊಂಡಿದ್ದಾನೆ. ಬಾವುಟ ಕೆಂಪಗೇ ಇತ್ತು. ಇಗೋ, ಇಲ್ಲಿದೆ. ಬೇರೆ ಬಾವುಟ ಇದ್ದರೆ ತೋರಿಸಿ."

ಸಿದಾತಿ ನನ್ನನ್ನು ನೋಡಿದ. ಬಾಯಿ ಬಿಗಿಹಿಡಿ ಎನ್ನುವ ಅದೇ ನೋಟ. ನನ್ನ ಕಾಲು ಅವನ ಕಡೆಗೆ ಎಳೆಯಿತು, ಸುಳ್ಳು ಹೇಳುವುದಿಲ್ಲ.

"ಆ ಬಾವುಟ ಸುಟ್ಟೈತ್ರಿ," ಎಂದೆ. "ನೀವು ಈಗ ಕುಡದ ಚಹಾ ಅದರ ಮ್ಯಾಲs ಕುದ್ದೈತಿ. ಸಿದಾತಿ ಒಲಿಗೆ ಹಾಕಿದ್ದು ನಾ ಈ ಕಣ್ಣಿಲೆ ನೋಡೀನಿ. ನೋಡಿ ಸುಮ್ನ ಕೂತಿದ್ದೆ, ಅದು ನನ್ನ ತಪ್ಪು."

"ಸುಳ್ಳ!" ಎಂದು ಸಿದಾತಿ ಕೂಗಿದ. "ಗುಲಾಮನ ಮಗನ, ನಿನ್ನ ನಾಲಿಗಿ..."

ಮಾತು ಅಲ್ಲಿಗೇ ನಿಂತಿತು. ನಲವತ್ತು ಜನರಲ್ಲಿ ಮೂವತ್ತು ಜನ ಗುಲಾಮರ ಮೊಮ್ಮಕ್ಕಳೇ. ಅಷ್ಟೂ ಸಲಿಕೆಗಳು ಒಮ್ಮೆಲೇ ನಿಂತವು.

ಮುನ್ನೂರನೇ ಕಿಲೋಮೀಟರಿನ ಹಳಿ ನೋಡುವವನು ಸೊಂಟಕ್ಕೆ ಸುತ್ತಿಕೊಂಡಿದ್ದ ತನ್ನ ಬಾವುಟ ಬಿಚ್ಚಿ ಮರಳ ಮೇಲೆ ಹಾಸಿದ. ಎಲ್ಲಿ ಬಟ್ಟೆ, ಎಲ್ಲಿ ಮರಳು ಎಂದು ಬಗ್ಗಿ ನೋಡಬೇಕು. ಇನ್ನೊಬ್ಬ ಬಂದು ತನ್ನದನ್ನು ಹಾಸಿದ. ಮತ್ತೊಬ್ಬ. ಐದು ಕ್ಯಾಂಪು, ಐದು ಬಾವುಟ. ಒಂದರಲ್ಲಿ ಮಾತ್ರ ಮೂಲೆಯ ಹೊಲಿಗೆಯೊಳಗೆ ಒಂದಿಷ್ಟು ಕೆಂಪು ಉಳಿದಿತ್ತು.

"ಸಾಹೇಬ್ರ," ಎಂದ ಆ ಮುನ್ನೂರನೇ ಕಿಲೋಮೀಟರಿನವನು, "ಹೊಸಾದು ಎಷ್ಟ ತಂದೀರಿ?"

ಸಾಹೇಬ ಕೈಯಲ್ಲಿದ್ದ ಹೊಸ ಬಾವುಟವನ್ನು ಮಡಿಚತೊಡಗಿದ.

"ಒಂದs ತಂದಾರಪ್ಪೋ," ಎಂದಳು ಜೈದಾ. "ಬಾವುಟ ಬೀಸಾಕ ತಂದಿಲ್ಲ ಅದನ್ನ. ನನ್ನ ಗಂಡನ ಮಾರಿಗೆ ಮುಸುಕ ಹಾಕಾಕ ತಂದಾರ."

ಸಾಹೇಬ ಗಡಿಯಾರ ನೋಡಿಕೊಂಡ. "ಇದೆಲ್ಲ ಆಮೇಲೆ ನೋಡೋಣ. ಬಂದರಿನಲ್ಲಿ ಹಡಗು ಕಾಯ್ತಿದೆ. ನಾಳೆ ಬೆಳಿಗ್ಗೆಯೊಳಗೆ ಹಳಿ ತೆರವಾಗಬೇಕು. ಎಲ್ಲರೂ ಕೆಲಸಕ್ಕೆ ನಡೀರಿ."

ಯಾರೂ ಅಲುಗಾಡಲಿಲ್ಲ. ಸಿದಾತಿ ಮುಂದೆ ಬಂದ. ಬಿದ್ದಿದ್ದ ಒಂದು ಸಲಿಕೆ ಎತ್ತಿ ಮೆಸೂದನ ಎದೆಗೆ ಒತ್ತಿದ.

"ಹಿಡಿ. ನೀ ಮೊದಲ ಹೋಗು, ಉಳದವ್ರು ಹಿಂದ ಬರ್ತಾರ. ನಾ ಹೇಳಾಕತ್ತೀನಿ."

ಮೆಸೂದ ಸಲಿಕೆ ಹಿಡಿದುಕೊಂಡ. ಜೈದಾ ಕಣ್ಣು ಮುಚ್ಚಿಕೊಂಡಳು. ಮೆಸೂದ ಆ ಸಲಿಕೆಯನ್ನು ತಿರುಗಿಸಿ, ಮೆಲ್ಲಗೆ, ಸದ್ದಾಗದ ಹಾಗೆ ಕೆಳಗಿಟ್ಟ. ಅದರ ಪಕ್ಕ ತಾನೂ ಕೂತ.

"ಸಿದಾತಿ," ಎಂದ. ಧಣಿ ಎನ್ನಲಿಲ್ಲ, ಬರೀ ಹೆಸರು. "ನಮ್ಮವ್ವ ನಿಮ್ಮನಿ ಹಾಲು ಕುಡದಾಳ ಅಂದಿ. ಆ ಹಾಲು ಹಿಂಡಿದಾಕಿ ನಮ್ಮಜ್ಜಿ. ಆ ಲೆಕ್ಕ ನನ್ನ ಮುಂದ ಇನ್ನೊಮ್ಮಿ ತಗೀಬ್ಯಾಡ."

ದೆಂಬಾ ಅವನ ಪಕ್ಕ ಕೂತ. ನಾನು ಕೂತೆ. ಆಮೇಲೆ ಒಬ್ಬೊಬ್ಬರೇ ಬಂದು ಹಳಿಯ ಎರಡೂ ಮಗ್ಗುಲಿಗೆ ಕೂತರು. ಘೋಷಣೆಯಿಲ್ಲ, ಕಲ್ಲಿಲ್ಲ. ನಮಗೆ ಅದು ಗೊತ್ತೂ ಇಲ್ಲ.

"ಇದು ಮುಷ್ಕರ!" ಎಂದ ಸಾಹೇಬ. "ಪೊಲೀಸರನ್ನು ಕರೆಸ್ತೀನಿ. ಬಂದೂಕು ತಗೊಂಡು ಬರ್ತಾರೆ."

"ಬರಲಿ ಬಿಡ್ರಿ," ಎಂದೆ ನಾನು. "ಬಂದೂಕಿನಿಂದ ಮರಳ ತಗ್ಯಾಕ ಬರತೈತೇನು?"

ಜನ ನಕ್ಕರು. ಅಪಘಾತವಾದ ಮೇಲೆ ಅಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

"ಎಷ್ಟು ದಿನ ಹೀಗೆ ಕೂರ್ತೀರಿ? ಏನು ಬೇಕು ನಿಮಗೆ?"

ಮೆಸೂದ ತಲೆಯೆತ್ತಿದ. "ಆದದ್ದು ಆದಂಗ ಬರೀರಿ. ಬಾವುಟಕ್ಕ ಬಣ್ಣ ಇರಲಿಲ್ಲ ಅಂತ ಬರೀರಿ. ಹದಿನೆಂಟ ಮಂದಿ ಕೆಲಸಾನ ಏಳ ಮಂದಿ ಮಾಡ್ತಿದ್ರು ಅಂತ ಬರೀರಿ. ವಾಕಿಟಾಕಿ ಸತ್ತಿತ್ತು ಅಂತ ಬರೀರಿ. ಅದಕ್ಕ ಹಾರೂನಣ್ಣ ಸತ್ತ ಅಂತ ಬರೀರಿ. ಓದಿ ಹೇಳ್ರಿ. ನಾವು ಐವತ್ತು ಮಂದಿ ಹೆಬ್ಬೆಟ್ಟು ಒತ್ತತೀವಿ."

"ಹಾಗೆಲ್ಲ ಬರೆಯೋಕೆ ಬರಲ್ಲ."

"ಹಂಗಾರ ನಮಗ ಮರಳ ತಗ್ಯಾಕ ಬರಂಗಿಲ್ಲ."

ಅಂದು ಸಂಜೆಗೆ ಗಾಳಿ ಜೋರಾಯಿತು. ಬೇರೆ ಊರುಗಳಲ್ಲಿ ಕೆಲಸಗಾರರು ಮುಷ್ಕರ ಹೂಡಬೇಕಾದರೆ ಬಹಳ ಪಾಡು ಪಡಬೇಕಂತೆ. ನಾವು ಪಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು. ಮರುದಿನ ಬೆಳಿಗ್ಗೆ ನೋಡಿದರೆ ಕ್ರೇನಿನ ಗಾಲಿಗಳು ಮುಚ್ಚಿದ್ದವು. ಸಾಹೇಬನ ಪುಟ್ಟ ಗಾಡಿಯ ಹಿಂದಿನ ಹಳಿಯೂ ಇರಲಿಲ್ಲ, ಮುಂದಿನದೂ ಇರಲಿಲ್ಲ. ಕ್ರೇನಿನವನ ವಯರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಇನ್ನೂರ ಎಪ್ಪತ್ತನೇ ಕಿಲೋಮೀಟರಿನವರು ಸಲಿಕೆ ಕೆಳಗಿಟ್ಟಿದ್ದಾರೆ. ಇನ್ನೂರ ಐವತ್ತರವರೂ ಇಟ್ಟಿದ್ದಾರೆ. ಗಣಿಯ ಹತ್ತಿರದ ಡ್ರೈವರುಗಳು ಎಂಜಿನ್ ಹತ್ತುವುದಿಲ್ಲ ಎಂದಿದ್ದಾರೆ, ಹಾರೂನ ಅವರ ಮನುಷ್ಯನಲ್ಲವೇ.

ನಾವು ಸಾಹೇಬನಿಗೆ ಏನೂ ಕಮ್ಮಿ ಮಾಡಲಿಲ್ಲ. ಒಣಮೀನು ಹಾಕಿದ ಅನ್ನ, ಬೂದಿಯಲ್ಲಿ ಸುಟ್ಟ ರೊಟ್ಟಿ, ನಮ್ಮ ಪಾಲಿನ ನೀರಿನಲ್ಲೇ ಅವನಿಗೂ ಒಂದು ಪಾಲು. ಹೊತ್ತು ಹೊತ್ತಿಗೆ ಮೂರು ಲೋಟ ಚಹಾ ನಾನೇ ಕೊಟ್ಟೆ. ನಮ್ಮ ಮನೆ ಬಾಗಿಲಿಗೆ ಬಂದವನನ್ನು ನಾವು ಒಣಗಿಸುವುದಿಲ್ಲ. ಸಿದಾತಿ ಮಾತ್ರ ತನ್ನ ಆಡುಗಳಿಗೆ ತಾನೇ ನೀರು ಹೊರುತ್ತಿದ್ದ. ಸೊಂಟ ಹಿಡಿದುಕೊಂಡಿತೆಂದು ಕಾಣುತ್ತದೆ.

ನಾವು ಕೂತ ಮೂರನೇ ದಿನ ಸಾಹೇಬನಿಗೆ ತಡೆಯಲಾಗಲಿಲ್ಲ. ಅಂಗಿ ತೋಳು ಮಡಿಚಿ ತಾನೇ ಒಂದು ಸಲಿಕೆ ಎತ್ತಿಕೊಂಡು ತನ್ನ ಗಾಡಿಯ ಮುಂದಿನ ಮರಳು ತೆಗೆಯತೊಡಗಿದ. ಗಾಳಿಗೆ ಎದುರಾಗಿ ನಿಂತು ಎಸೆಯುತ್ತಿದ್ದ. ಎಸೆದದ್ದೆಲ್ಲ ಅವನ ಕಣ್ಣಿಗೆ, ಬಾಯಿಗೆ, ಬಿಳಿ ಅಂಗಿಗೆ ಬಂದು ಬೀಳುತ್ತಿತ್ತು. ಹತ್ತು ಸಲಿಕೆ ಎಸೆದು, ಕೆಮ್ಮಿ, ಮತ್ತೆ ಎಸೆದ. ಐವತ್ತು ಜನ ಕೂತು ನೋಡಿದೆವು. ಅಂಗೈಯ ಬೊಬ್ಬೆ ಒಡೆದಾಗ ಸಲಿಕೆ ಬಿಟ್ಟು ಅಲ್ಲೇ ಹಳಿ ಇದ್ದಿರಬಹುದಾದ ಜಾಗದಲ್ಲಿ ಕೂತುಬಿಟ್ಟ.

ಮೆಸೂದ ಎದ್ದು ಅವನ ಹತ್ತಿರ ಹೋದ.

"ಸಲಿಕಿ ಹಿಡಿಯೂದು ನಾ ಕಲಸ್ತೀನ್ರಿ ಸಾಹೇಬ್ರ," ಎಂದ. "ಮೊದಲ ನೀವು ಪೆನ್ನ ಹಿಡೀರಿ."

ಇವತ್ತು ನಾಲ್ಕನೇ ದಿನ. ಬೆಳಿಗ್ಗೆ ಸಾಹೇಬ ಡೇರೆಯಿಂದ ಹೊರಗೆ ಬಂದು ನಮ್ಮ ಮಧ್ಯೆ ಚಾಪೆಯ ಮೇಲೆ ಕೂತ. ಕುರ್ಚಿ ತರಲಿಲ್ಲ. ಮೊಳಕಾಲ ಮೇಲೆ ಹಾಳೆ ಇಟ್ಟುಕೊಂಡು, ಮೊದಲು ಏನು ಬರೆಯಲಿ ಎಂದು ಕೇಳಿದ.

"ಹಾರೂನ ಅಂತ ಬರೀರಿ," ಎಂದ ಮೆಸೂದ. "ಐವತ್ತೇಳು ವರ್ಷದಾವ, ಕಂಪನಿ ಕೊಂದದ್ದು ಅಂತ ಬರೀರಿ."

ಹಾರೂನ ಎಂದು ಬರೆದಿದ್ದಾನೆ. ಮುಂದಿನ ಮಾತಿಗೆ ಅವನ ಕೈ ನಿಂತಿದೆ. ಪೆನ್ನು ಹಿಡಿದು ಅವನು ಕೂತಿದ್ದಾನೆ, ನಾವೂ ಕೂತಿದ್ದೇವೆ. ಗಾಳಿ ಇನ್ನೂ ನಿಂತಿಲ್ಲ.